ರಾತ್ರಿ ಎಲ್ಲಿ ಮಲಗ್ತೀರಿ ಅಂತ ನಮ್ಮನ್ನೂ ಕೇಳಿ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಜಾತ್ರಾ ಕಮಿಟಿ ಹಿರಿಯರಿಗೆ, ಗಣೇಶೋತ್ಸವ ಮಂಡಳಿಗಳ ಅಣ್ಣತಮ್ಮಂದಿರಿಗೆ, ಗ್ರಾಮ ಪಂಚಾಯ್ತಿ ಸದಸ್ಯರಿಗೆ,

ನಮಸ್ಕಾರ.

ನಾನು ಹುಬ್ಬಳ್ಳಿಯವನು. 17 ವರ್ಷದಿಂದ ಒಂದು ಸಣ್ಣ ಆರ್ಕೆಸ್ಟ್ರಾ ತಂಡದಲ್ಲಿ ಹಾರ್ಮೋನಿಯಂ, ಕೀಬೋರ್ಡ್ ನುಡಿಸುತ್ತಿದ್ದೇನೆ. ನೀವು ಪೋಸ್ಟರಿನಲ್ಲಿ ‘ರಾತ್ರಿ 10 ಗಂಟೆಗೆ ಭರ್ಜರಿ ರಸಮಂಜರಿ’ ಎಂದು ಹಾಕಿಸುತ್ತೀರಲ್ಲ, ಆ ರಸಮಂಜರಿಯವರು ನಾವು. ಒಟ್ಟು 8 ಜನ. ಹಾಡುವವರು ಮೂವರು, ಅವರಲ್ಲಿ ಇಬ್ಬರು ಹೆಣ್ಣುಮಕ್ಕಳು. ತಬಲಾ ಮತ್ತು ಢೋಲಕ್ಕಿಗೆ ಒಬ್ಬರು, ರಿದಂ ಪ್ಯಾಡಿಗೆ ಒಬ್ಬ, ಹಲಗಿ ಬಾರಿಸಲು ಒಬ್ಬ, ನಾನು, ಮತ್ತೆ ಗಾಡಿ ಓಡಿಸುವ ಹುಡುಗ. ಸಂಕ್ರಾಂತಿ ಮುಗಿದರೆ ನಮ್ಮ ಸೀಜನ್ ಶುರು. ಬಸವ ಜಯಂತಿ ತನಕ ಜಾತ್ರೆಗಳು. ಆಮೇಲೆ ಮಳೆಗಾಲದಲ್ಲಿ ಸುಮ್ನೆ ಕೂರುತ್ತೇವೆ. ಗಣಪತಿ ಕೂತರೆ ಮತ್ತೆ ಗಾಡಿ ಹೊರಡುತ್ತದೆ, ರಾಜ್ಯೋತ್ಸವದ ತನಕ ಓಡುತ್ತದೆ.

ಸಂಭಾವನೆ ಜಾಸ್ತಿ ಮಾಡಿ ಎಂದು ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಅದನ್ನು ಫೋನಿನಲ್ಲಿ ಮಾತಾಡಿಕೊಳ್ಳೋಣ. ಇಲ್ಲಿ ನಾನು ಕೇಳುವುದು ಇಷ್ಟೇ: ನಮ್ಮನ್ನು ಸಂಜೆ 7 ಗಂಟೆಗೆ ವೇದಿಕೆ ಹತ್ತಿಸಿ. ಕಾರ್ಯಕ್ರಮ ಮುಗಿದ ಮೇಲೆ ಬೆಳಗಾಗುವ ತನಕ ಮಲಗಲು ನಿಮ್ಮ ಊರಿನಲ್ಲೇ ಒಂದು ಜಾಗ ಕೊಡಿ.

ಯಾಕೆ ಕೇಳುತ್ತಿದ್ದೇನೆ ಎಂದು ಹೇಳಬೇಕಾದರೆ ಒಂದು ರಾತ್ರಿಯ ಕಥೆ ಹೇಳಬೇಕು.

ಎರಡು ವರ್ಷದ ಹಿಂದೆ, ಜನವರಿ ಕೊನೆಯ ವಾರ. ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಊರಿನ ಹೆಸರು ಬೇಡ, ಅವರು ಕೆಟ್ಟವರಲ್ಲ. ಸಂಜೆ 6ಕ್ಕೇ ನಾವು ಹೋಗಿ ಇಳಿದೆವು. ಎರಡು ಟ್ರ್ಯಾಕ್ಟರ್ ಟ್ರಾಲಿ ಜೋಡಿಸಿ, ಮೇಲೆ ಹಲಗೆ ಹಾಸಿ ವೇದಿಕೆ ಮಾಡಿದ್ದರು. ಸೌಂಡ್ ಚೆಕ್ ಮುಗಿಸಿ ರೆಡಿಯಾಗಿ ಕೂತೆವು. 8 ಗಂಟೆಗೆ ಮುಖ್ಯ ಅತಿಥಿ ಬರಬೇಕಿತ್ತು, ಬಂದಾಗ ಒಂಬತ್ತೂವರೆ. ಆಮೇಲೆ ಭಾಷಣ. ಆಮೇಲೆ ಸನ್ಮಾನ. ಜಾತ್ರೆಗೆ ಪಟ್ಟಿ, ಅಂದರೆ ವಂತಿಗೆ, ಕೊಟ್ಟ ಒಬ್ಬೊಬ್ಬರನ್ನೂ ಕರೆದು ಶಾಲು ಹೊದಿಸಿದರು, ಹಾರ ಹಾಕಿದರು. ಮಾಡಲಿ, ಕೊಟ್ಟವರನ್ನು ನೆನೆಯುವುದು ಒಳ್ಳೆಯದೇ. ಆದರೆ ಮುಂದಿನ ಸಾಲಿನಲ್ಲಿ ಕೌದಿ ಹೊದ್ದು ಕೂತಿದ್ದ ಅಜ್ಜಿಯರು ಒಬ್ಬೊಬ್ಬರಾಗಿ ಎದ್ದು ಹೋಗುವುದನ್ನು ನಾನು ವೇದಿಕೆ ಪಕ್ಕದಿಂದ ನೋಡುತ್ತಿದ್ದೆ. ಮಕ್ಕಳು ತಾಯಂದಿರ ತೊಡೆ ಮೇಲೆ ಮಲಗಿಬಿಟ್ಟಿದ್ದವು. ನಾವು ಗಣಪತಿ ಸ್ತುತಿ ಹೇಳಿದಾಗ ರಾತ್ರಿ 11 ದಾಟಿತ್ತು.

ಚಳಿಗಾಲದ ಇಬ್ಬನಿಯಲ್ಲಿ ಚರ್ಮವಾದ್ಯ ಏನಾಗುತ್ತದೆ ಎಂದು ನಿಮ್ಮಲ್ಲಿ ಭಜನೆ ಮಾಡುವವರಿಗೆ ಗೊತ್ತು. ತೇವಕ್ಕೆ ಚರ್ಮ ಸಡಿಲಾಗುತ್ತದೆ, ಶ್ರುತಿ ಇಳಿಯುತ್ತದೆ. ನಮ್ಮ ತಬಲಾ ಮಾಸ್ತರರು ಒಂದೊಂದು ಹಾಡು ಮುಗಿದಾಗಲೂ ಸುತ್ತಿಗೆ ಹಿಡಿದು ತಬಲಾದ ಅಂಚು ಬಡಿಯುತ್ತಿದ್ದರು. ಹಲಗಿ ಹುಡುಗ ವೇದಿಕೆ ಹಿಂದೆ ಒಂದಿಷ್ಟು ಕಣಕಿ ಉರಿಸಿ, ಹಲಗಿ ಕಾಯಿಸಿಕೊಂಡು ಓಡಿ ಬರುತ್ತಿದ್ದ. ಕಾದ ಹಲಗಿಗೆ ಒಂದು ಹಾಡು ಆಯುಸ್ಸು. ಎರಡನೇ ಹಾಡಿಗೆ ಮತ್ತೆ ಮೆತ್ತಗೆ. ಹಾಗೆ ರಾತ್ರಿ ಒಂದೂವರೆ ತನಕ ನಡೆಸಿದೆವು.

ಊಟ ಮಾಡಿ, ಸಾಮಾನು ಏರಿಸಿ ಮುಗಿಸುವಾಗ ಎರಡೂಕಾಲು. ಕಮಿಟಿಯವರೊಬ್ಬರನ್ನು ಕೇಳಿದೆ, “ಅಣ್ಣಾರ, ಶಾಲೆ ಕಟ್ಟಿ ಮೇಲಾದರೂ ಒಂದೆರಡು ತಾಸು ಮಲಗತೀವ್ರಿ.” ಅವರು ನಗುತ್ತಲೇ ಹೇಳಿದರು, “ಗಾಡಿ ಐತೆಲ್ಲ ಮಾಸ್ತರ, ಒಂದೂವರೆ ತಾಸಿನ ಹಾದಿ, ಮನೀಗೇ ಹೋಗಿ ಆರಾಮ ಮಲಗ್ರಲ್ಲ.” ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಮಗೆ ಒಳ್ಳೆಯದೇ ಆಗಲಿ ಎಂದೇ ಹೇಳಿದರು.

ಬಂಕಾಪುರ ಟೋಲ್ ದಾಟಿದ್ದು ನೆನಪಿದೆ. ಆಮೇಲೆ ನಾನೂ ನಿದ್ದೆ ಹೋದೆ. ಗಾಡಿಯಲ್ಲಿ ಎಚ್ಚರ ಇದ್ದವರು ಇಬ್ಬರೇ, ಓಡಿಸುವ ಹುಡುಗ ಮತ್ತು ತಬಲಾ ಮಾಸ್ತರರು. ನಮ್ಮ ಮಾಸ್ತರರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಗಾಡಿಯಲ್ಲಿ ಅವರು ಮಲಗುವುದಿಲ್ಲ, ಚಾಲಕನ ಹಿಂದಿನ ಸೀಟೇ ಬೇಕು ಅವರಿಗೆ. ಅವತ್ತು ಶಿಗ್ಗಾವಿ ದಾಟಿದ ಮೇಲೆ ಇಂಜಿನ್ನಿನ ಸದ್ದು ಒಂದು ಎಳೆ ಕೆಳಗೆ ಇಳಿಯಿತಂತೆ. ರಸ್ತೆಯಲ್ಲಿ ಏರು ಇರಲಿಲ್ಲ, ಗೇರ್ ಬದಲಾಗಲಿಲ್ಲ, ಆದರೂ ಸದ್ದು ಇಳಿಯಿತು. ಕಾಲಿನ ಹಿಡಿತ ಸಡಿಲಾಗಿದೆ ಎಂದು ಅವರಿಗೆ ತಿಳಿದುಹೋಯಿತು. “ಲಯ ತಪ್ಪತು ತಮ್ಮಾ!” ಎಂದು ಕೂಗಿ ಅವನ ಹೆಗಲು ಹಿಡಿದು ಅಲ್ಲಾಡಿಸಿದರು. ಹುಡುಗ ಬೆಚ್ಚಿ ಬ್ರೇಕ್ ಒತ್ತಿದ. ನಾವೆಲ್ಲ ಮುಂದಿನ ಸೀಟಿಗೆ ಹೋಗಿ ಬಡಿದೆವು. ಹಿಂದೆ ಕೌದಿಯಲ್ಲಿ ಸುತ್ತಿಟ್ಟಿದ್ದ ಕೀಬೋರ್ಡ್ ಉರುಳಿ ಬಿತ್ತು. ಗಾಡಿ ನಿಂತಾಗ ಮುಂದೆ ನಾಲ್ಕು ಮಾರು ದೂರದಲ್ಲಿ ಒಂದು ಕಬ್ಬಿನ ಲಾರಿ ನಿಂತಿತ್ತು. ಹಿಂದೆ ಒಂದು ದೀಪ ಇಲ್ಲ.

ಯಾರೂ ಮಾತಾಡಲಿಲ್ಲ. ನಮ್ಮ ಗಾಯಕಿ ಅಕ್ಕ ಮೊಬೈಲ್ ತೆಗೆದು ಮಗಳ ಫೋಟೊ ನೋಡುತ್ತ ಕೂತರು. ಹುಡುಗ ರಸ್ತೆ ಬದಿ ಕೂತು ಅತ್ತ. ಅವನಿಗೆ 23 ವರ್ಷ. ಬೆಳಿಗ್ಗೆ 6ಕ್ಕೆ ಎದ್ದವನು, ಸಾಮಾನು ಹೊತ್ತವನು, ಸ್ಪೀಕರ್ ಕಂಬಕ್ಕೆ ಹಗ್ಗ ಕಟ್ಟಿದವನು. ತಪ್ಪು ಅವನದು ಎಂದು ಹೇಳಲು ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ.

ನಮ್ಮ ಜಿಲ್ಲೆಗಳ ರಸ್ತೆ ಹೇಗಿವೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಗಬ್ಬೂರಿನಿಂದ ನರೇಂದ್ರದ ತನಕದ ಬೈಪಾಸ್ ಎಷ್ಟು ವರ್ಷ ಇಕ್ಕಟ್ಟಾಗಿತ್ತು, ಎಷ್ಟು ಮನೆಗಳನ್ನು ಅಳಿಸಿತು ಎಂದು ಹುಬ್ಬಳ್ಳಿ-ಧಾರವಾಡದ ಮಂದಿಗೆಲ್ಲ ಗೊತ್ತು. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ಟೆಂಪೊ ಟ್ರಾವೆಲರ್ ಮತ್ತು ಟಿಪ್ಪರ್ ಡಿಕ್ಕಿಯಾಗಿ ದಾವಣಗೆರೆಯ ಗೆಳತಿಯರು ತೀರಿಕೊಂಡ ಸುದ್ದಿ ಯಾರು ಮರೆತಿದ್ದಾರೆ? ಅದು ಬೆಳಗಿನ ಹೊತ್ತು. ನಾವು ಓಡಾಡುವುದು ನಸುಕಿನ 3 ಗಂಟೆಗೆ. ನಮ್ಮದೂ ಅಂಥದೇ ಗಾಡಿ. ಬೈಪಾಸ್ ಬಂದಾಗಲೆಲ್ಲ ನಮ್ಮ ತಂಡದಲ್ಲಿ ಮಾತು ನಿಲ್ಲುತ್ತದೆ.

ಹಿರಿಯರೇ, ಹಿಂದೆ ಹೀಗಿರಲಿಲ್ಲ ಅಲ್ವಾ? ನಮ್ಮ ಭಾಗ ಹಾಡುವವರನ್ನು ತಿರುಗಾಡಿಸಿ ಬೆಳೆಸಿದ ಭಾಗ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಗದಗಿನಲ್ಲಿ ನೆಲೆ ನಿಲ್ಲುವ ಮೊದಲು ತಮ್ಮ ಸಂಗೀತ ಶಾಲೆಯನ್ನು ಊರಿಂದ ಊರಿಗೆ ಹೊತ್ತು ತಿರುಗಿದವರು. ಕಣ್ಣಿಲ್ಲದ ಗುರು, ಜತೆಗೆ ಕಣ್ಣಿಲ್ಲದ ಮಕ್ಕಳು. ಅವರನ್ನು ಯಾರು ಸಾಕಿದರು? ಮಠಗಳು ಮತ್ತು ನಿಮ್ಮಂಥ ಊರುಗಳ ಮನೆಗಳು. ಜೋಳ ಕೊಟ್ಟರು, ಇರಲು ಜಾಗ ಕೊಟ್ಟರು. ಹಾಗೆ ಬೆಳೆದ ಮಕ್ಕಳಲ್ಲಿ ಒಬ್ಬರು ದೇವಗಿರಿಯ ಪುಟ್ಟರಾಜ ಗವಾಯಿಗಳು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು, ಅದೇ ವರ್ಷ ಅವರು ಹೋದರು. ನಮ್ಮ ತಬಲಾ ಮಾಸ್ತರರ ಕೈಯಲ್ಲಿರುವುದು ಅವರು ಹಾಕಿಕೊಟ್ಟ ಬೋಲು.

ನಾಟಕ ಕಂಪನಿಗಳದ್ದೂ ಇದೇ ಮಾತು. ಕುಂದಗೋಳದ ಸವಾಯಿ ಗಂಧರ್ವರು ನಾಟಕ ಕಂಪನಿಗಳಲ್ಲಿ ಹಾಡಿ ಹೆಸರಾದವರು. ಮಲ್ಲಿಕಾರ್ಜುನ ಮನಸೂರರು ಹುಡುಗರಿದ್ದಾಗ ಕಂಪನಿ ಸೇರಿದವರು. ಕಂಪನಿ ಒಂದು ಊರಿಗೆ ಬಂದರೆ ತಿಂಗಳುಗಟ್ಟಲೆ ಕ್ಯಾಂಪು. ಥೇಟರ್ ಹಿಂದೆಯೇ ತಗಡಿನ ಮನೆಗಳು, ಒಲೆ, ತೊಟ್ಟಿಲು. ಪರದೆ ಬಿದ್ದ ಮೇಲೆ ನಟರು ನಡೆಯಬೇಕಾದದ್ದು ಹತ್ತು ಹೆಜ್ಜೆ. ಇನ್ನು ನಮ್ಮ ಬಯಲಾಟ, ದೊಡ್ಡಾಟ, ಪಾರಿಜಾತ ನೋಡಿ. ರಾತ್ರಿ ಶುರುವಾದ ಆಟ ಕೋಳಿ ಕೂಗುವ ತನಕ ನಡೆಯುತ್ತಿತ್ತು. ಮಂಗಳಾರತಿ ಹೊತ್ತಿಗೆ ಬೆಳಕು ಹರಿಯುತ್ತಿತ್ತು. ಬಣ್ಣ ತೊಳೆದು, ಚಹಾ ಕುಡಿದು ಹಗಲಿನಲ್ಲಿ ಊರು ಬಿಡುತ್ತಿದ್ದರು. ಆ ಕಲಾವಿದರಿಗೆ ಬಡತನ ಇತ್ತು, ಕಷ್ಟ ಇತ್ತು. ಆದರೆ ಅರ್ಧ ರಾತ್ರಿಯಲ್ಲಿ ಅವರನ್ನು ಯಾರೂ ಊರ ಹೊರಗೆ ಕಳಿಸುತ್ತಿರಲಿಲ್ಲ.

ನಮಗೆ ಏನಾಯಿತು ಗೊತ್ತಾ? ನಮಗೆ ಗಾಡಿ ಬಂತು. ರಸ್ತೆ ಚೆನ್ನಾಯಿತು. ಹುಬ್ಬಳ್ಳಿಯಿಂದ ಗದಗ 60 ಕಿಲೋಮೀಟರ್ ಒಳಗೆ, ಹಾವೇರಿ 75ರ ಹತ್ತಿರ. ಇಷ್ಟು ಹತ್ತಿರದ ಮಂದಿಗೆ ವಸತಿ ಯಾಕೆ ಎಂದು ಎಲ್ಲರಿಗೂ ಅನಿಸಿತು. ನಮಗೂ ಅನಿಸಿತು, ಸುಳ್ಳು ಯಾಕೆ ಹೇಳಲಿ. ಮೊದಮೊದಲು ಮನೆಗೆ ಹೋಗಿ ಮಲಗುವುದೇ ಸುಖ ಎಂದು ನಾವೇ ಹೊರಟುಬಿಡುತ್ತಿದ್ದೆವು. ಹಾಗೇ ರೂಢಿಯಾಯಿತು. ಈಗ ಉಳಿಯುತ್ತೇವೆ ಎಂದು ಕೇಳಿದರೆ ಇದೇನು ಹೊಸದು ಎನ್ನುವ ಹಾಗೆ ನೋಡುತ್ತಾರೆ.

ಹೆಣ್ಣುಮಕ್ಕಳ ಕಷ್ಟ ಇನ್ನೂ ಬೇರೆ. ನಮ್ಮ ಗಾಯಕಿಯರು ಸಂಜೆ 4 ಗಂಟೆಯ ಮೇಲೆ ನೀರು ಕುಡಿಯುವುದಿಲ್ಲ. ಹಾಡುವವರು ನೀರು ಕುಡಿಯದಿದ್ದರೆ ಗಂಟಲು ಏನಾಗಬೇಡ? ಆದರೆ ವೇದಿಕೆ ಹತ್ತಿರ ಹೋಗಲು ಒಂದು ಬಾತ್‌ರೂಮ್ ಇರುವುದಿಲ್ಲ. ಬಟ್ಟೆ ಬದಲಾಯಿಸುವುದು ಗಾಡಿಯಲ್ಲಿ, ಕಿಟಕಿಗೆ ಸೀರೆ ಕಟ್ಟಿಕೊಂಡು. ಹೊರಗೆ ಹುಡುಗರು ಮೊಬೈಲ್ ಹಿಡಿದು ನಿಂತಿರುತ್ತಾರೆ. ಒಂದು ಕೋಣೆ, ಒಳಗಿನಿಂದ ಚಿಲಕ ಹಾಕಿಕೊಳ್ಳಲು ಬರುವ ಬಾಗಿಲು, ಒಂದು ಬಕೆಟ್ ನೀರು ಸಿಕ್ಕರೆ ಅವರ ಹಾಡೇ ಬೇರೆ ಆಗುತ್ತದೆ. ಇದು ನಾನು ಕಣ್ಣಾರೆ ಕಂಡದ್ದು.

ಈಗ ಹೊತ್ತಿನ ವಿಷಯಕ್ಕೆ ಬರುತ್ತೇನೆ. ಕಾಯದೆ ಕೂಡ ನಮ್ಮ ಮಾತನ್ನೇ ಹೇಳುತ್ತದೆ. 2000ದಲ್ಲಿ ಬಂದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಮೈಕ್ ಹಾಕುವಂತಿಲ್ಲ. ಹಬ್ಬ, ಉತ್ಸವಕ್ಕೆಂದು ವರ್ಷದಲ್ಲಿ 15 ದಿನ ಮೀರದ ಹಾಗೆ ರಾಜ್ಯ ಸರ್ಕಾರ 12ರ ತನಕ ಸಡಿಲ ಮಾಡಬಹುದು, ಅಷ್ಟೇ. ಹಾಗಿದ್ದರೆ ‘ರಾತ್ರಿ 10 ಗಂಟೆಗೆ’ ಎಂದು ಪೋಸ್ಟರಿನಲ್ಲಿ ಹಾಕಿಸಿದರೆ ಏನಾಗುತ್ತದೆ? ನಾವು ಮೂರನೇ ಹಾಡು ಹಾಡುವಾಗ ಪೊಲೀಸರು ಬರುತ್ತಾರೆ. ಅವರದ್ದು ಅವರ ಕೆಲಸ. ಮೈಕ್ ಬಂದ್ ಆಗುತ್ತದೆ. ಜನ ಕೂಗುತ್ತಾರೆ. ಮರುದಿನ ಕಮಿಟಿಯಲ್ಲಿ ಮಾತು ಬರುತ್ತದೆ, “ಇಪ್ಪತ್ತು ಹಾಡು ಅಂದಿದ್ದರು, ಮೂರೇ ಹಾಡಿದರು, ಪೂರ್ತಿ ಯಾಕೆ ಕೊಡಬೇಕು?” ಮುಂಗಡವಾಗಿ ಸಂಚಕಾರ ಕೊಟ್ಟದ್ದಷ್ಟೇ ಬಂತು, ಬಾಕಿ ಹೋಯಿತು. ಡೀಸೆಲ್ ಹಾಕಿಸಿದವರು ನಾವು, ಸಂಜೆ 6ರಿಂದ ಕಾದವರು ನಾವು. ಹೀಗೆ ನಮಗೆ ಎಷ್ಟೋ ಸಲ ಆಗಿದೆ.

ಬೇಗ ಶುರು ಮಾಡಿದರೆ ಜನ ಬರುವುದಿಲ್ಲ ಎಂದು ಹೇಳುವವರಿದ್ದಾರೆ. ಹೊಲದಿಂದ ಬಂದು, ಹಾಲು ಹಿಂಡಿ, ಅಡುಗೆ ಮಾಡಿ ಬರಬೇಕಲ್ಲ ಎನ್ನುತ್ತಾರೆ. ನಿಜ. ಆದರೆ 17 ವರ್ಷ ವೇದಿಕೆ ಮೇಲಿನಿಂದ ಜನರ ಮುಖ ನೋಡಿದವನು ನಾನು. ಏಳೂವರೆಗೆ ಶುರುವಾದ ಕಾರ್ಯಕ್ರಮದಲ್ಲಿ ಮುಂದೆ ಕೂತವರು ಹೆಂಗಸರು, ಮುದುಕರು, ಮಕ್ಕಳು. ಷರೀಫರ ತತ್ವಪದ ಎತ್ತಿದರೆ ಅಜ್ಜಂದಿರು ಜತೆಗೆ ಹೇಳುತ್ತಾರೆ. ಶಿಶುನಾಳ ನಮ್ಮ ಹಾವೇರಿ ಜಿಲ್ಲೆಯದೇ ಅಲ್ಲೇನ್ರಿ, ಆ ಪದಗಳು ಅವರ ನಾಲಿಗೆ ಮೇಲೇ ಇರುತ್ತವೆ. ಭಾವಗೀತೆ ಹಾಡಿದರೆ ಶಾಲೆಯ ಅಕ್ಕಾರು ಚಪ್ಪಾಳೆ ತಟ್ಟುತ್ತಾರೆ. 11 ಗಂಟೆಗೆ ಶುರುವಾದಾಗ ಮುಂದೆ ಉಳಿಯುವವರು ಕುಣಿಯಲು ಬಂದ ಹುಡುಗರಷ್ಟೇ. ಅವರಲ್ಲಿ ಅರ್ಧ ಮಂದಿ ಕುಡಿದಿರುತ್ತಾರೆ. ಚೀಟಿ ಮೇಲೆ ಚೀಟಿ ಬರುತ್ತದೆ, ಎಲ್ಲ ಒಂದೇ ಥರದ ಹಾಡು. ಆಗ ನಾವು ತತ್ವಪದ ಹಾಡಲು ಆಗುವುದಿಲ್ಲ. ನೀವು ಆಮೇಲೆ ಹೇಳುತ್ತೀರಿ, ಈಗಿನ ಆರ್ಕೆಸ್ಟ್ರಾದಲ್ಲಿ ಹಳೆಯ ಹಾಡೇ ಇಲ್ಲ ಎಂದು. ಇದೆ ಸ್ವಾಮಿ. ಆ ಹಾಡು ಕೇಳುವವರು ಮನೆಗೆ ಹೋಗಿ ಮಲಗಿರುತ್ತಾರೆ.

ಮಾರ್ಚ್ ತಿಂಗಳ ಜಾತ್ರೆಗಳಲ್ಲಂತೂ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳ ಪರೀಕ್ಷೆಯೂ ಇರುತ್ತದೆ. 10ಕ್ಕೆ ಮೈಕ್ ಬಂದ್ ಆದರೆ ಆ ಮಕ್ಕಳಿಗೂ ಒಳ್ಳೆಯದು.

ಸನ್ಮಾನ ಬೇಡ ಎಂದು ನಾನು ಹೇಳುವುದಿಲ್ಲ. ಮಧ್ಯಾಹ್ನ ಪ್ರಸಾದದ ಹೊತ್ತಿನಲ್ಲಿ ಮಾಡಿ, ಊರೆಲ್ಲ ಅಲ್ಲೇ ಇರುತ್ತದೆ. ಇಲ್ಲವೇ ನಾಲ್ಕು ಹಾಡಿಗೊಮ್ಮೆ ಐದು ಜನರನ್ನು ಕರೆಯಿರಿ, ನಾವು ಹಿಂದೆ ಮೆಲ್ಲಗೆ ನುಡಿಸುತ್ತಿರುತ್ತೇವೆ. ಹಾಗೆ ಮಾಡಿದ ಊರುಗಳಿವೆ. ಶಾಲು ಹೊದ್ದವರಿಗೂ ಅದು ಚೆಂದ ಕಾಣುತ್ತದೆ.

ಜಾಗದ ವಿಷಯ. ನಾವು ಲಾಡ್ಜ್ ಕೇಳುತ್ತಿಲ್ಲ. ಎಷ್ಟೋ ಹಳ್ಳಿಗಳಲ್ಲಿ ಈಗ ಒಂದು ಸಮುದಾಯ ಭವನ ಇದೆ. ಇಲ್ಲದಿದ್ದರೆ ಶಾಲೆಯ ಕೋಣೆ, ಗುಡಿಯ ಪೌಳಿ, ಮಠದ ಪಡಸಾಲೆ. ತೊಂದರೆ ಬರುವುದು ಕೀಲಿಯಲ್ಲಿ. ರಾತ್ರಿ ಕೇಳಿದರೆ ಕೀಲಿ ಯಾರದೋ ಹತ್ತಿರ ಇರುತ್ತದೆ, ಅವರು ಯಾವುದೋ ಊರಿಗೆ ಹೋಗಿರುತ್ತಾರೆ. ಪಂಚಾಯ್ತಿ ಸದಸ್ಯರಲ್ಲಿ ನನ್ನ ಬೇಡಿಕೆ ಇದೊಂದೇ. ಜಾತ್ರೆ ದಿನ ಆ ಕೀಲಿ ಊರಿನಲ್ಲೇ, ಕಮಿಟಿಯವರೊಬ್ಬರ ಕೈಯಲ್ಲಿ ಇರಲಿ. ಜಮಖಾನ ನಮ್ಮದೇ ಇದೆ. ಬೆಳಿಗ್ಗೆ ಕಸ ಹೊಡೆದು, ಕೀಲಿ ಹಾಕಿ ವಾಪಸು ಕೊಟ್ಟು ಹೋಗುತ್ತೇವೆ.

ಹಾಗೆ ಮಾಡಿದ ಒಂದು ಊರನ್ನು ನೆನೆಯದಿದ್ದರೆ ನನಗೆ ಸಮಾಧಾನ ಆಗುವುದಿಲ್ಲ. ಗದಗ ಜಿಲ್ಲೆ, ರೋಣ ತಾಲ್ಲೂಕಿನ ಒಂದು ಹಳ್ಳಿ. ಏಳೂಕಾಲಿಗೆ ಶುರು ಮಾಡಿಸಿದರು, 10ಕ್ಕೆ ಐದು ನಿಮಿಷ ಇರುವಾಗ ಮಂಗಳ ಹಾಡಿಸಿದರು. ಬಾಕಿ ದುಡ್ಡನ್ನು ನಾವು ವೇದಿಕೆಯಿಂದ ಇಳಿಯುವ ಮೊದಲೇ ಕೈಗೆ ಕೊಟ್ಟರು. ಊಟಕ್ಕೆ ಗೋಧಿ ಹುಗ್ಗಿ, ಬದನಿಕಾಯಿ, ಬಿಸಿ ರೊಟ್ಟಿ. ಮಠದ ಒಳಗಿನ ಕೋಣೆ ಗಾಯಕಿಯರಿಗೆ, ಹೊರಗಿನ ಪಡಸಾಲೆ ನಮಗೆ. ಮಲಗುವ ಮೊದಲು ತಬಲಾ ಮಾಸ್ತರರು ಕತ್ತಲಲ್ಲಿ ಕೂತು ತಬಲಾದ ಚೀಲ ಬಿಚ್ಚಿದರು. ಊರಿನ ನಾಲ್ಕು ಹುಡುಗರು ಬಂದು ಸುತ್ತ ಕೂತರು. ಮೈಕ್ ಇಲ್ಲ, ದೀಪ ಇಲ್ಲ. ಒಬ್ಬ ಹುಡುಗನ ಕೈ ಹಿಡಿದು, ಬೆರಳು ಎಲ್ಲಿ ಬೀಳಬೇಕು ಎಂದು ಚರ್ಮದ ಮೇಲೆ ಇಟ್ಟು ತೋರಿಸಿದರು. ‘ತಿನ್’ ಎಂದು ಸದ್ದು ಬಂದಾಗ ಆ ಹುಡುಗ ನಕ್ಕದ್ದು ನಮಗೆ ಕೇಳಿಸಿತು, ಮುಖ ಕಾಣಲಿಲ್ಲ. ಈಗ ಆ ಹುಡುಗ ಅಮಾವಾಸ್ಯೆ ಭಜನೆಯಲ್ಲಿ ತಬಲಾ ಬಾರಿಸುತ್ತಾನಂತೆ. ಮಾಸ್ತರರಿಗೆ ಆಗಾಗ ಫೋನ್ ಮಾಡುತ್ತಾನೆ. ನಾವು ಅವತ್ತು ರಾತ್ರಿಯೇ ಹೊರಟಿದ್ದರೆ ಅವನಿಗೆ ಆ ಪಾಠ ಆಗುತ್ತಿರಲಿಲ್ಲ.

ಬೆಳಿಗ್ಗೆ ಹೊರಡುವಾಗ ಒಬ್ಬ ಅಜ್ಜಿ ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಂದು ಗಾಡಿಯ ಕಿಟಕಿಯಲ್ಲಿ ಕೊಟ್ಟಳು. “ಹಗಲಾಗಿ ಹೊಂಟೀರಿ, ಚೊಲೊ ಆತು ನೋಡ್ರಿ” ಎಂದಳು. ಅಣ್ಣಿಗೇರಿ ದಾಟಿದ ಮೇಲೆ ಗಾಡಿ ನಿಲ್ಲಿಸಿ, ಕಡಲೆ ಹೊಲದ ಬದುವಿನಲ್ಲಿ ಕೂತು ಎಲ್ಲರೂ ಅದನ್ನು ತಿಂದೆವು. ಗಾಡಿಯ ಹುಡುಗ ಹಾಡುತ್ತ ಓಡಿಸಿಕೊಂಡು ಬಂದ. ಅವನು ಹಾಡುತ್ತಾನೆ ಎಂದು ನಮಗೆ ಅವತ್ತೇ ಗೊತ್ತಾದದ್ದು.

ಕೆಲವರು ಹೇಳಬಹುದು, ಅಷ್ಟು ಕಷ್ಟ ಇದ್ದರೆ ನೀವೇ ಖಡಾಖಂಡಿತ ಹೇಳಬಾರದಾ ಎಂದು. ಹೇಳಿದ್ದೇವೆ. ಹೇಳಿದಾಗ ಬೇರೆ ತಂಡಕ್ಕೆ ವೀಳ್ಯ ಹೋಗುತ್ತದೆ. ಮನೆಯಲ್ಲಿ ಮಕ್ಕಳ ಫೀ ಇದೆ, ಗಾಡಿಯ ಕಂತು ಇದೆ. ಒಂದು ತಂಡ ಹೇಳಿದರೆ ಅದು ತಂಡದ ಸೊಕ್ಕು ಎನಿಸಿಕೊಳ್ಳುತ್ತದೆ. ಅದಕ್ಕೇ ಎಲ್ಲ ಊರುಗಳಿಗೂ ಒಟ್ಟಿಗೆ ಕೇಳುವ ಹಾಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ. ನಮ್ಮನ್ನೇ ಕರೆಯಿರಿ ಎಂದು ಕೇಳುತ್ತಿಲ್ಲ. ಯಾವ ತಂಡವನ್ನಾದರೂ ಕರೆಯಿರಿ, ಹಲಗಿ ಮೇಳ ಇರಲಿ, ಡೊಳ್ಳು ಇರಲಿ, ಭಜನಾ ಸಂಘ ಇರಲಿ. ಅವರ ಜತೆಯಲ್ಲೂ ಒಬ್ಬ ಹುಡುಗ ಸ್ಟೇರಿಂಗ್ ಹಿಡಿದು ಕಣ್ಣು ಉಜ್ಜಿಕೊಳ್ಳುತ್ತಿರುತ್ತಾನೆ.

ಈ ಸಲ ನಿಮ್ಮ ಕಮಿಟಿ ಕೂತಾಗ, ಪಟ್ಟಿಯ ಲೆಕ್ಕ, ಪೆಂಡಾಲಿನ ಲೆಕ್ಕ ಆದ ಮೇಲೆ ಈ ಪತ್ರ ಒಮ್ಮೆ ಓದಿಸಿ. ಪೋಸ್ಟರ್ ಪ್ರೆಸ್ಸಿಗೆ ಕೊಡುವ ಮೊದಲು ‘ರಾತ್ರಿ 10’ ಇದ್ದಲ್ಲಿ ‘ಸಂಜೆ 7’ ಮಾಡಿಸಿ. ನಮಗೆ ಫೋನ್ ಮಾಡಿದಾಗ ರೇಟು ಕೇಳಿದ ಮೇಲೆ ಇನ್ನೊಂದು ಮಾತು ಕೇಳಿ, “ಎಷ್ಟು ಮಂದಿ ಉಳಿತೀರಿ, ಹೆಣ್ಣುಮಕ್ಕಳು ಎಷ್ಟು ಅದಾರ?”

ಎಂಟು ಮಂದಿ ಉಳಿಯುತ್ತೇವೆ. ಹೆಣ್ಣುಮಕ್ಕಳು ಇಬ್ಬರು.

ನಿಮ್ಮ ಊರ ವೇದಿಕೆಯಲ್ಲಿ ಹಾರ್ಮೋನಿಯಂ ನುಡಿಸಿದವ,
ಹುಬ್ಬಳ್ಳಿ